ಕೇಳಿ, ಹೇಳುತ್ತೇವೆ: ಜಪಾನಿನ ಅಕ್ಷರ, ಅಡುಗೆ, ಆನೆ

ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಜಪಾನಿಗೆ ಮೀಸಲಿಟ್ಟಿದ್ದೇವೆ. ಒಂದೇ ವಿಷಯ ಕುರಿತು ಹಲವರು ಬರೆದಿದ್ದಲ್ಲಿ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆಯಾಗಿ ಪ್ರಕಟಿಸಲಾಗಿದೆ.

ಪ್ರಶ್ನೆ: ಜಪಾನಿ ಕಲಿಯುತ್ತಿರುವ ನನ್ನ ಮೊಮ್ಮಗಳು ‘ಅ, ಇ, ಉ, ಎ, ಒ, ಕ, ಕಿ, ಕು, ಕೆ, ಕೊ’ ಎಂದು ಪಾಠ ಒಪ್ಪಿಸುವುದನ್ನು ಕೇಳಿದರೆ ನಮ್ಮ ಕಾಗುಣಿತದಂತೆಯೇ ಇದೆ. ಇದು ಕಾಕತಾಳೀಯವೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಕಾಕತಾಳೀಯವಲ್ಲ. ಜಪಾನಿ ಅಕ್ಷರಗಳ ಆಕಾರ ಬಂದದ್ದು ಚೀನಾದಿಂದ. ಆದರೆ ಅವುಗಳನ್ನು ಜೋಡಿಸಿದ ಕ್ರಮ ಸಂಸ್ಕೃತ ವರ್ಣಮಾಲೆಯದು. ಬೌದ್ಧ ಧರ್ಮದ ಜೊತೆಯಲ್ಲಿ ಮಂತ್ರಗಳೂ ಜಪಾನಿಗೆ ಹೋದವು. ಮಂತ್ರದ ಉಚ್ಚಾರ ಕೆಡಬಾರದೆಂಬ ಕಾಳಜಿಯಿಂದ ಅಲ್ಲಿನ ಭಿಕ್ಷುಗಳು ಸಿದ್ಧಂ ಎಂಬ ಭಾರತೀಯ ಲಿಪಿಯನ್ನೂ ಅದರ ಧ್ವನಿಶಾಸ್ತ್ರವನ್ನೂ ಶ್ರದ್ಧೆಯಿಂದ ಕಲಿತರು. 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಮರಳಿದ ಕೂಕಾಯ್ ಎಂಬ ಆಚಾರ್ಯರು ಅಲ್ಲಿ ಪ್ರಜ್ಞ ಎಂಬ ಭಾರತ ಮೂಲದ ಭಿಕ್ಷುವಿನಿಂದ ಸಂಸ್ಕೃತ ಕಲಿತಿದ್ದರು. ಆ ವಿದ್ಯಾಪರಂಪರೆಯಲ್ಲಿಯೇ ಮುಂದೆ ಜಪಾನಿ ಅಕ್ಷರಗಳನ್ನು ಸ್ವರಕ್ಕೊಂದು ಸಾಲು, ವ್ಯಂಜನಕ್ಕೊಂದು ಸಾಲು ಎಂದು ಕೋಷ್ಟಕದಲ್ಲಿಡುವ ಪದ್ಧತಿ ಬೆಳೆಯಿತು.

ವ್ಯಂಜನಗಳ ಸಾಲು ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಶಿಕ್ಷಕರಾದ ನಿಮಗೆ ಇಲ್ಲಿ ಎರಡು ಅಕ್ಷರ ಸ್ಥಾನ ತಪ್ಪಿದಂತೆ ಕಂಡೀತು: ಚವರ್ಗದ ಜಾಗದಲ್ಲಿ ಸಕಾರವೇಕೆ, ಪವರ್ಗದ ಜಾಗದಲ್ಲಿ ಹಕಾರವೇಕೆ? ಈ ಕೋಷ್ಟಕದ ಕ್ರಮ ನಮ್ಮದೇ ಎಂಬುದಕ್ಕೆ ಬಲವಾದ ಸಾಕ್ಷಿ ಇಲ್ಲಿಯೇ ಇದೆ. ಇಂದು ಹಕಾರವಾಗಿ ಉಚ್ಚರಿಸುವ ಧ್ವನಿ ಹಳೆಯ ಜಪಾನಿಯಲ್ಲಿ ಪಕಾರವಾಗಿತ್ತು, ಸಕಾರದ ಉಚ್ಚಾರವೂ ಚಕಾರಕ್ಕೆ ಹತ್ತಿರವಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅವನ್ನು ಹಾಗೆ ಓದಿಕೊಂಡರೆ ಕ, ಚ, ತ, ನ, ಪ, ಮ, ಯ, ರ, ವ ಎಂಬ ನಮ್ಮ ಶಾಲೆಯ ಸಾಲೇ ಸಿಗುತ್ತದೆ. ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದದ್ದನ್ನು ಬಲ್ಲ ಕನ್ನಡಿಗರಿಗೆ ಈ ಬದಲಾವಣೆ ಹೊಸದೇನಲ್ಲ. ಆದರೆ ಎರಡೂ ಕಡೆ ಅದು ತಂತಾನೇ ನಡೆದ ಸಂಗತಿ. ಅದರಿಂದ ಭಾಷಾಸಂಬಂಧವನ್ನು ಊಹಿಸಲಾಗದು.

ಸಿದ್ಧಂ ಲಿಪಿ ಜಪಾನಿನಲ್ಲಿ ಇನ್ನೂ ಬಳಕೆಯಲ್ಲಿದೆ. ಸಮಾಧಿಗಳ ಹಿಂದೆ ಉದ್ದನೆಯ, ಅಂಚು ಕೊರೆದ ಮರದ ಹಲಗೆಗಳನ್ನು ನಿಲ್ಲಿಸುತ್ತಾರೆ. ಅವುಗಳ ಮೇಲೆ ಮೇಲಿನಿಂದ ಕೆಳಕ್ಕೆ ಖ, ಹ, ರ, ವ, ಅ ಎಂಬ ಐದು ಬೀಜಾಕ್ಷರಗಳನ್ನು ಕುಂಚದಿಂದ ಬರೆದಿರುತ್ತದೆ. ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿ ಎಂಬ ಪಂಚಭೂತಗಳಿಗೆ ಅವು ಸಂಕೇತ. ಬ್ರಾಹ್ಮಿಯಿಂದ ಬೆಳೆದ ಲಿಪಿಯೊಂದು ಭಾರತದಲ್ಲಿ ಬಳಕೆ ತಪ್ಪಿದ ಮೇಲೆಯೂ ಜಪಾನಿನ ಸ್ಮಶಾನಗಳಲ್ಲಿ ದಿನನಿತ್ಯ ಬರೆಯಲ್ಪಡುತ್ತಿರುವುದು ಲಿಪಿಗಳ ಇತಿಹಾಸದಲ್ಲಿ ದೊಡ್ಡ ಸಂಗತಿ ಎಂದೇ ನಮ್ಮ ಭಾವನೆ.

ಪ್ರಶ್ನೆ: ಹಾಗಾದರೆ ಜಪಾನಿಯೂ ದ್ರಾವಿಡ ಭಾಷೆಯೇ? ವಾಕ್ಯರಚನೆ ಕನ್ನಡದಂತಿದೆ ಎನ್ನುತ್ತಾರಲ್ಲ?
– ಓದುಗರು, ಕಾಸರಗೋಡು

ಉತ್ತರ: ರಚನೆ ಹೋಲುವುದು ನಿಜ. ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮ, ನಾಮಪದದ ಮುಂದೆ ಬಂದು ಸೇರುವ ವಿಭಕ್ತಿ ಪ್ರತ್ಯಯ, ವಾಕ್ಯದ ಕೊನೆಗೆ ಬರುವ ಪ್ರಶ್ನಾರ್ಥಕ, ಇವೆಲ್ಲ ಎರಡೂ ಭಾಷೆಗಳಲ್ಲಿವೆ. ಜಪಾನಿನ ವಿದ್ವಾಂಸ ಸುಸುಮು ಓನೊ ಅವರು ಜಪಾನಿಗೂ ತಮಿಳಿಗೂ ಸಂಬಂಧವಿದೆ ಎಂದು ದೀರ್ಘಕಾಲ ವಾದಿಸಿದರು. ಬಹುಪಾಲು ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ಟರ್ಕಿಷ್, ಕೊರಿಯನ್ ಭಾಷೆಗಳ ವಾಕ್ಯಕ್ರಮವೂ ಹೀಗೆಯೇ ಇರುವುದರಿಂದ ಕ್ರಮವೊಂದೇ ರಕ್ತಸಂಬಂಧಕ್ಕೆ ಆಧಾರವಾಗದು. ಕನ್ನಡಿಗರಿಗೆ ಜಪಾನಿ ಮಾತು ಬೇಗ ಹಿಡಿತಕ್ಕೆ ಬರುವುದಂತೂ ಇದೇ ಕಾರಣದಿಂದ. ಕಷ್ಟವಿರುವುದು ಬರವಣಿಗೆಯಲ್ಲಿ: ಸಾಮಾನ್ಯ ಬಳಕೆಗೆಂದು ಅಲ್ಲಿನ ಸರ್ಕಾರ ಗೊತ್ತುಪಡಿಸಿರುವ ಚೀನೀ ಮೂಲದ ಅಕ್ಷರಗಳೇ 2,136.

ಪ್ರಶ್ನೆ: ನಮ್ಮ ಮಗನಿಗೆ ಯೋಕೊಹಾಮಾದಲ್ಲಿ ಕೆಲಸ ಸಿಕ್ಕಿದೆ. ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಅವನ ಊಟದ ಗತಿಯೇನು?
– ಗೃಹಿಣಿ, ಶಿರಸಿ

ಉತ್ತರ: ಉಪವಾಸ ಬೀಳುವ ಪ್ರಮೇಯವಿಲ್ಲ, ಆದರೆ ನಿಮ್ಮ ಮಗ ಒಂದು ವಿಷಯವನ್ನು ಹೊರಡುವ ಮೊದಲೇ ತಿಳಿದಿರಬೇಕು. ಜಪಾನಿನಲ್ಲಿ ಸಸ್ಯಾಹಾರಿಗೆ ತೊಡಕಾಗುವುದು ತಟ್ಟೆಯಲ್ಲಿ ಕಾಣುವ ಮೀನಿಗಿಂತ ಹೆಚ್ಚಾಗಿ ಸಾರಿನಲ್ಲಿ ಕರಗಿಹೋದ ಮೀನು. ‘ದಾಶಿ’ ಎಂಬ ತಿಳಿಸಾರು ಅಲ್ಲಿನ ಅಡುಗೆಗೆ ತಳಹದಿ. ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಹತ್ತರಿಯಂಥ ಸಾಧನದಲ್ಲಿ ತೆಳ್ಳಗೆ ಹೆರೆದು, ಆ ಹೆರೆಯನ್ನು ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ ಸಿದ್ಧ. ಆ ಒಣಮೀನಿಗೆ ಕಾತ್ಸುಓಬುಶಿ ಎಂದು ಹೆಸರು. ಮಿಸೊ ಸಾರು, ನೂಡಲ್ಸ್ ಅದ್ದಿಕೊಳ್ಳುವ ರಸ, ತೋಫುವಿನ ಮೇಲೆ ಸುರಿಯುವ ಗೊಜ್ಜು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದು ಇರಬಹುದು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಹೋಟೆಲಿನವರು ಪ್ರಾಮಾಣಿಕವಾಗಿಯೇ ಇದನ್ನು ತಂದಿಡುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಮೀನು ಮಾಂಸದೊಳಗೆ ಬರುವುದಿಲ್ಲ. ‘ಮೀನು ಬೇಡ, ಮೀನಿನ ದಾಶಿಯೂ ಬೇಡ’ ಎಂದು ಬಿಡಿಸಿ ಹೇಳುವುದನ್ನು ಮಗ ಮೊದಲ ವಾರದಲ್ಲೇ ಕಲಿಯಲಿ.

ನೆಮ್ಮದಿಯ ಸಂಗತಿಯೂ ಇದೆ. ‘ಶೋಜಿನ್ ರ್‍ಯೋರಿ’ ಎಂಬ ಬೌದ್ಧ ಮಠಗಳ ಅಡುಗೆ ಸಂಪೂರ್ಣ ಸಸ್ಯಾಹಾರಿ. ಅದರಲ್ಲಿ ನಮ್ಮ ಮಡಿ ಅಡುಗೆಯಂತೆ ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಅಲ್ಲಿ ದಾಶಿಯನ್ನು ‘ಕೊಂಬು’ ಎಂಬ ಕಡಲಪಾಚಿಯಿಂದಲೂ ಒಣ ಅಣಬೆಯಿಂದಲೂ ತೆಗೆಯುತ್ತಾರೆ. ಕೂಕಾಯ್ ಆಚಾರ್ಯರು ಮಠ ಕಟ್ಟಿದ ಕೋಯಾ ಪರ್ವತದ ದೇಗುಲಗಳಲ್ಲಿ ಯಾತ್ರಿಕರಿಗೆ ವಸತಿಯ ಜೊತೆಗೆ ಇದೇ ಊಟ ಸಿಗುತ್ತದೆ. ಕೊಂಬುವಿನ ಸಾರು ಅಷ್ಟು ರುಚಿಯಾಗಲು ಕಾರಣವೇನೆಂದು ಹುಡುಕಿದ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಅವರು 1908ರಲ್ಲಿ ಅದರಲ್ಲಿರುವ ಗ್ಲುಟಮೇಟನ್ನು ಗುರುತಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ‘ಉಮಾಮಿ’ ಎಂಬ ಇನ್ನೊಂದು ಮೂಲರುಚಿಯನ್ನು ಪ್ರತಿಪಾದಿಸಿದರು.

ಮನೆಯಲ್ಲಿ ಅಡುಗೆ ಮಾಡಿಕೊಳ್ಳುವುದೇ ಉತ್ತಮ ದಾರಿ. ಅಲ್ಲಿನ ಅಕ್ಕಿ ಗಿಡ್ಡ ಕಾಳಿನದು, ಅನ್ನ ಅಂಟಂಟಾಗುತ್ತದೆ. ಮೊಸರನ್ನಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಟೋಕಿಯೊದ ನಿಶಿಕಸಾಯ್ ಪ್ರದೇಶದಲ್ಲಿ ಭಾರತೀಯರು ಹೆಚ್ಚಾಗಿ ನೆಲೆಸಿರುವುದರಿಂದ ಬೇಳೆ, ಮಸಾಲೆ ಪದಾರ್ಥಗಳಿಗೆ ತೊಂದರೆಯಿಲ್ಲ. ಊಟದ ಶಿಷ್ಟಾಚಾರದಲ್ಲಿ ಎರಡನ್ನು ಮರೆಯದಿರಲಿ: ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಊರಬಾರದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸಬಾರದು. ಮೊದಲನೆಯದು ತೀರಿಕೊಂಡವರಿಗೆ ಎಡೆ ಇಡುವ ರೀತಿ. ಎರಡನೆಯದು ದಹನದ ನಂತರ ಬಂಧುಗಳು ಅಸ್ಥಿ ಆರಿಸುವ ರೀತಿ. ಕಾರಣ ತಿಳಿದರೆ ಮಗ ಎಂದೂ ಮರೆಯಲಾರ.

ಪ್ರಶ್ನೆ: ಜಪಾನಿನ ‘ಕರಿ ರೈಸ್’ ಭಾರತದಿಂದ ಹೋದದ್ದೇ?
– ಓದುಗರು, ಬಳ್ಳಾರಿ

ಉತ್ತರ: ಸುತ್ತು ದಾರಿಯಲ್ಲಿ ಹೋಯಿತು. ಮೇಜಿ ಕಾಲದಲ್ಲಿ, ಅಂದರೆ 1868ರ ನಂತರ, ಬ್ರಿಟಿಷರ ಮಸಾಲೆಪುಡಿಯ ಜೊತೆಗೆ ಅದು ಜಪಾನಿಗೆ ಬಂತು. ಹಿಟ್ಟು ಹುರಿದು ಗಟ್ಟಿಮಾಡಿದ, ಆಲೂಗಡ್ಡೆ ಕ್ಯಾರೆಟ್ ಹಾಕಿದ ಈ ಗೊಜ್ಜು ನೌಕಾಪಡೆಯ ಅಡುಗೆಮನೆಯಿಂದ ಊರೂರಿಗೆ ಹಬ್ಬಿತು. ಇಂದಿಗೂ ಅಲ್ಲಿನ ಹಡಗುಗಳಲ್ಲಿ ಶುಕ್ರವಾರ ಕರಿ ರೈಸ್ ಬಡಿಸುವ ವಾಡಿಕೆಯಿದೆ. ಭಾರತದಿಂದ ನೇರವಾಗಿ ಬಂದ ರುಚಿಯ ಹಿಂದೆ ಸ್ವಾತಂತ್ರ್ಯ ಹೋರಾಟದ ಕಥೆಯಿದೆ. 1912ರಲ್ಲಿ ದೆಹಲಿಯಲ್ಲಿ ವೈಸ್‌ರಾಯ್ ಹಾರ್ಡಿಂಜ್ ಮೇಲೆ ನಡೆದ ಬಾಂಬ್ ದಾಳಿಯ ಸಂಚಿನಲ್ಲಿದ್ದ ರಾಸಬಿಹಾರಿ ಬೋಸರು 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದರು. ಬ್ರಿಟಿಷರ ಒತ್ತಡದಿಂದ ಗಡೀಪಾರು ಆದೇಶ ಹೊರಟಾಗ ಟೋಕಿಯೊದ ಶಿಂಜುಕುವಿನಲ್ಲಿ ನಕಮುರಾಯ ಎಂಬ ಬೇಕರಿ ನಡೆಸುತ್ತಿದ್ದ ಸೋಮಾ ದಂಪತಿ ಅವರನ್ನು ಅಡಗಿಸಿಟ್ಟರು. ಬೋಸರು 1918ರಲ್ಲಿ ಆ ಮನೆಯ ಮಗಳು ತೋಶಿಕೊ ಅವರನ್ನು ಮದುವೆಯಾದರು, ಆದರೆ ಆಕೆ 1925ರಲ್ಲೇ ತೀರಿಕೊಂಡರು. 1927ರಲ್ಲಿ ನಕಮುರಾಯ ಊಟದ ಮನೆ ತೆರೆದಾಗ ಬೋಸರು ಕಲಿಸಿದ ಭಾರತೀಯ ಪದ್ಧತಿಯ ಅಡುಗೆ ಅಲ್ಲಿ ಮೊದಲಾಯಿತು. ಆ ಅಂಗಡಿಯಲ್ಲಿ ಅದು ಇಂದಿಗೂ ಸಿಗುತ್ತದೆ.

ಪ್ರಶ್ನೆ: ಮೈಸೂರಿನ ಆನೆಯೊಂದು ಟೋಕಿಯೊದಲ್ಲಿತ್ತೆಂದು ಅಜ್ಜ ಹೇಳುತ್ತಿದ್ದರು. ನಿಜವೇ?
– ವಿದ್ಯಾರ್ಥಿನಿ, ಹುಣಸೂರು

ಉತ್ತರ: ನಿಮ್ಮ ಅಜ್ಜ ಹೇಳಿದ್ದು ನಿಜ. ಅದರ ಹಿನ್ನೆಲೆ ನೋವಿನದು. ಯುದ್ಧದ ನಡುವೆ, 1943ರಲ್ಲಿ, ವಾಯುದಾಳಿಯಾದರೆ ಪ್ರಾಣಿಗಳು ತಪ್ಪಿಸಿಕೊಂಡು ನಗರದೊಳಗೆ ನುಗ್ಗಬಹುದೆಂದು ಟೋಕಿಯೊದ ಉಯೆನೊ ಮೃಗಾಲಯದ ಅಪಾಯಕಾರಿ ಪ್ರಾಣಿಗಳನ್ನು ಕೊಲ್ಲಲು ಆಡಳಿತ ಆದೇಶಿಸಿತು. ಅಲ್ಲಿದ್ದ ಮೂರು ಆನೆಗಳು ಆಹಾರವಿಲ್ಲದೆ ಸತ್ತವು. ಯುದ್ಧ ಮುಗಿದ ಮೇಲೆ ಆನೆಯನ್ನು ಕಣ್ಣಾರೆ ಕಂಡಿರದ ಮಕ್ಕಳು ನಮಗೊಂದು ಆನೆ ಕೊಡಿ ಎಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಪತ್ರಗಳನ್ನು ಬರೆದರು. ನೆಹರೂ ಅವರು ಕಳುಹಿಸಿದ ಹೆಣ್ಣಾನೆ 1949ರ ಸೆಪ್ಟೆಂಬರಿನಲ್ಲಿ ಟೋಕಿಯೊ ತಲುಪಿತು. ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟಿದ್ದರು: ಇಂದಿರಾ.

ಇಂದಿರಾ ಹೋದದ್ದು ಮೈಸೂರು ಸೀಮೆಯಿಂದ, ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡದ ಮಾತು. ಕೂರು, ಏಳು, ಕಾಲೆತ್ತು ಎಂದು ಜಪಾನಿಯಲ್ಲಿ ಹೇಳಿದರೆ ಅದು ಕದಲುತ್ತಿರಲಿಲ್ಲ. ಹೀಗಾಗಿ ಜೊತೆಗೆ ಹೋಗಿದ್ದ ಮಾವುತರು ಅಲ್ಲಿಯೇ ಕೆಲಕಾಲ ಉಳಿದು, ಮೃಗಾಲಯದ ಸಿಬ್ಬಂದಿಗೆ ಆನೆಯ ಕನ್ನಡವನ್ನು ಕಲಿಸಿದರು. ಕನ್ನಡ ಕಲಿಸಲು ವಿದೇಶಕ್ಕೆ ಹೋದವರ ಪಟ್ಟಿಯನ್ನು ಯಾರಾದರೂ ಬರೆಯುವುದಾದರೆ ಈ ಮಾವುತರಿಗೆ ಅದರಲ್ಲಿ ಗೌರವದ ಸ್ಥಾನ ಸಿಗಬೇಕು. 1957ರಲ್ಲಿ ಜಪಾನಿಗೆ ಭೇಟಿಯಿತ್ತ ನೆಹರೂ ಅವರು ಮಗಳೊಂದಿಗೆ ಮೃಗಾಲಯಕ್ಕೂ ಹೋಗಿ ಆನೆಯನ್ನು ಕಂಡರು. ಇಂದಿರಾ 1983ರವರೆಗೆ ಬದುಕಿತ್ತು.

ಪ್ರಶ್ನೆ: ನಮ್ಮಲ್ಲಿ ಅರವತ್ತಕ್ಕೆ ಷಷ್ಟ್ಯಬ್ದಿ ಮಾಡುವಂತೆ ಜಪಾನಿನಲ್ಲೂ ಮಾಡುತ್ತಾರಂತೆ. ಎರಡಕ್ಕೂ ಮೂಲ ಒಂದೇ ಇರಬಹುದೇ?
– ಓದುಗರು, ಕಲಬುರಗಿ

ಉತ್ತರ: ಆಚರಣೆ ಹೋಲುತ್ತದೆ, ಲೆಕ್ಕದ ಬಗೆ ಬೇರೆ. ನಮ್ಮ ಪ್ರಭವ ಮೊದಲಾದ ಅರವತ್ತು ಸಂವತ್ಸರಗಳ ಚಕ್ರ ಗುರುಗ್ರಹದ ಚಲನೆಯನ್ನು ಆಧರಿಸಿದ್ದು. ಗುರು ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ರಾಶಿಚಕ್ರ ಸುತ್ತುವುದರಿಂದ ಐದು ಸುತ್ತಿಗೆ ಅರವತ್ತು. ಚೀನಾದಿಂದ ಜಪಾನಿಗೆ ಬಂದ ಪದ್ಧತಿಯಲ್ಲಿ ಹತ್ತರ ಒಂದು ಸರಣಿಯೂ, ಇಲಿ, ಎತ್ತು, ಹುಲಿ ಎಂದು ಪ್ರಾಣಿಗಳ ಹೆಸರಿನ ಹನ್ನೆರಡರ ಇನ್ನೊಂದು ಸರಣಿಯೂ ಒಟ್ಟಿಗೆ ಸಾಗುತ್ತವೆ. ಒಮ್ಮೆ ಬಂದ ಜೋಡಿ ಮತ್ತೆ ಬರುವುದು ಅರವತ್ತು ವರ್ಷಕ್ಕೆ. ಅರವತ್ತು ತುಂಬಿದವರು ಜನ್ಮವರ್ಷಕ್ಕೆ ಮರಳಿ ಹುಟ್ಟಿದರೆಂದು ಭಾವಿಸಿ, ಎಳೆಮಕ್ಕಳಿಗೆ ತೊಡಿಸುವ ಬಣ್ಣದ ಕೆಂಪು ತೋಳಿಲ್ಲದ ಅಂಗಿಯನ್ನೂ ಕೆಂಪು ಟೋಪಿಯನ್ನೂ ಮಕ್ಕಳು ಮೊಮ್ಮಕ್ಕಳು ಸೇರಿ ಅವರಿಗೆ ತೊಡಿಸುತ್ತಾರೆ.

ಈ ಚಕ್ರಕ್ಕೆ ಅಂಟಿಕೊಂಡ ಮೂಢನಂಬಿಕೆಯೊಂದನ್ನು ಇಲ್ಲಿ ಹೇಳಲೇಬೇಕು. ಚಕ್ರದಲ್ಲಿ ಬೆಂಕಿಯೂ ಕುದುರೆಯೂ ಕೂಡುವ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನ ಆಯುಸ್ಸನ್ನು ಕಳೆಯುತ್ತಾಳೆಂಬ ಮಾತು ಜಪಾನಿನಲ್ಲಿ ಬೇರೂರಿತ್ತು. ಪ್ರಿಯಕರನನ್ನು ಮತ್ತೆ ಕಾಣುವ ಆಸೆಯಿಂದ ಬೆಂಕಿ ಹಚ್ಚಿ 1683ರಲ್ಲಿ ಮರಣದಂಡನೆಗೆ ಗುರಿಯಾದ ಒಶಿಚಿ ಎಂಬ ತರಕಾರಿ ವ್ಯಾಪಾರಿಯ ಮಗಳು ಅಂಥ ವರ್ಷದವಳೆಂಬ ಕಥೆ ನಾಟಕಗಳ ಮೂಲಕ ಹಬ್ಬಿ, ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಪರಿಣಾಮ ಅಂಕಿ ಅಂಶಗಳಲ್ಲೇ ಕಾಣುತ್ತದೆ: 1965ರಲ್ಲಿ ಸುಮಾರು 18.2 ಲಕ್ಷ ಇದ್ದ ಜನನಗಳ ಸಂಖ್ಯೆ ಬೆಂಕಿ ಕುದುರೆಯ ವರ್ಷವಾದ 1966ರಲ್ಲಿ ಸುಮಾರು 13.6 ಲಕ್ಷಕ್ಕೆ ಕುಸಿದು, ಮರುವರ್ಷ ಮತ್ತೆ ಏರಿತು. ಬುಲೆಟ್ ರೈಲು ಓಡುತ್ತಿದ್ದ, ಒಲಿಂಪಿಕ್ಸ್ ನಡೆಸಿ ಮುಗಿಸಿದ್ದ ದೇಶದಲ್ಲಿ ಇದು ನಡೆಯಿತೆಂಬುದು ಯೋಚಿಸಬೇಕಾದ ವಿಷಯ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲ ಎಂದು ಸಂಬಂಧ ಮುರಿದುಕೊಳ್ಳುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಎರಡೂ ಕಡೆ ಅನ್ಯಾಯವಾಗುವುದು ಹುಟ್ಟಿದ ದಿನವನ್ನು ತಾನು ಆರಿಸಿಕೊಳ್ಳದ ಹೆಣ್ಣುಮಗುವಿಗೆ. 1966ರ ಯುಗಾದಿಯಿಂದ ನಮ್ಮಲ್ಲಿ ಪರಾಭವ ಸಂವತ್ಸರ. ಅರವತ್ತು ವರ್ಷಗಳ ನಂತರ, 2026ರಲ್ಲಿ, ಅಲ್ಲಿ ಬೆಂಕಿ ಕುದುರೆಯೂ ಇಲ್ಲಿ ಪರಾಭವವೂ ಮತ್ತೆ ಬರುತ್ತವೆ.

ಪ್ರಶ್ನೆ: ಜಪಾನೀಯರು ಗಣಪತಿ, ಸರಸ್ವತಿಯರನ್ನು ಪೂಜಿಸುವುದು ನಿಜವೇ?
– ಅರ್ಚಕರು, ಉಡುಪಿ

ಉತ್ತರ: ನಿಜ, ಆದರೆ ಅವರು ಪೂಜಿಸುವುದು ಬೌದ್ಧ ಪರಂಪರೆಯೊಳಗೆ ಬೆಳೆದ ರೂಪಗಳನ್ನು. ಸರಸ್ವತಿ ಅಲ್ಲಿ ಬೆನ್‌ಝೈತೆನ್. ಆಕೆಯ ಕೈಯಲ್ಲಿ ವೀಣೆಯ ಬದಲು ಬೀವಾ ಎಂಬ ತಂತಿವಾದ್ಯವಿರುತ್ತದೆ, ಗುಡಿ ಬಹುಪಾಲು ನೀರಿನ ಹತ್ತಿರವೇ ಇರುತ್ತದೆ. ಬೀವಾ ಸರೋವರದ ಚಿಕುಬು ದ್ವೀಪದಲ್ಲಿರುವುದು ಪ್ರಸಿದ್ಧ. ಇಂದ್ರ ತೈಶಾಕುತೆನ್, ಯಮ ಎನ್ಮಾ, ಕುಬೇರ ಬಿಶಾಮೊನ್‌ತೆನ್. ಗಣಪತಿಗೆ ಕಂಗಿತೆನ್ ಅಥವಾ ಶೋತೆನ್ ಎಂದು ಹೆಸರು. ಆನೆಮೊಗದ ಎರಡು ಆಕೃತಿಗಳು ಆಲಿಂಗಿಸಿಕೊಂಡ ಆ ಮೂರ್ತಿಯನ್ನು ಸಾಮಾನ್ಯವಾಗಿ ಭಕ್ತರ ದರ್ಶನಕ್ಕೆ ಇಡುವುದಿಲ್ಲ. ಟೋಕಿಯೊದ ಅಸಾಕುಸಾ ಬಳಿಯ ಮಾತ್ಸುಚಿಯಾಮಾ ದೇಗುಲದಲ್ಲಿ ಅವನಿಗೆ ಭಕ್ತರು ಒಪ್ಪಿಸುವುದು ಬಿಳಿ ಮೂಲಂಗಿ.

ಪ್ರಶ್ನೆ: ನಾರಾ ನಗರದ ಮಹಾಬುದ್ಧನಿಗೆ ಪ್ರಾಣಪ್ರತಿಷ್ಠೆ ಮಾಡಿದವರು ಭಾರತೀಯರೇ?
– ಓದುಗರು, ಬೀದರ್

ಉತ್ತರ: ಹೌದು. ಬೋಧಿಸೇನ ಎಂಬ ಭಾರತೀಯ ಭಿಕ್ಷು 736ರಲ್ಲಿ ಚೀನಾದ ಮೂಲಕ ಜಪಾನಿಗೆ ಬಂದರು. ತೋದಾಯ್‌ಜಿ ದೇಗುಲದ ಬೃಹತ್ ಕಂಚಿನ ಬುದ್ಧನಿಗೆ 752ರಲ್ಲಿ ಕಣ್ಣು ಬರೆಯುವ ವಿಧಿಯನ್ನು ನೆರವೇರಿಸಿದವರು ಅವರೇ. ಅವರು ಹಿಡಿದ ಕುಂಚಕ್ಕೆ ನೀಲಿ ಬಣ್ಣದ ಉದ್ದನೆಯ ರೇಷ್ಮೆ ದಾರವನ್ನು ಕಟ್ಟಿ, ನೆರೆದವರು ಅದನ್ನು ಹಿಡಿದು ನಿಂತು ಪುಣ್ಯದಲ್ಲಿ ಪಾಲುಗೊಂಡರು. ಆ ಕುಂಚವೂ ಆ ದಾರವೂ ಶೋಸೋಯಿನ್ ಎಂಬ ಭಂಡಾರದಲ್ಲಿ ಇಂದಿಗೂ ಇವೆ. ಅದೇ ಭಂಡಾರದಲ್ಲಿ ‘ರಂಜಾತಾಯ್’ ಎಂಬ ಅಗರು ಮರದ ದೊಡ್ಡ ತುಂಡೊಂದಿದೆ. 1574ರಲ್ಲಿ ಸೇನಾನಿ ಓದಾ ನೊಬುನಾಗಾ, 1877ರಲ್ಲಿ ಮೇಜಿ ಚಕ್ರವರ್ತಿ ಅದರಿಂದ ಚೂರು ಕತ್ತರಿಸಿಕೊಂಡರು. ಯಾರು ಎಲ್ಲಿ ಕತ್ತರಿಸಿದರೆಂಬ ಚೀಟಿಗಳನ್ನು ಮರದ ಮೇಲೆಯೇ ಅಂಟಿಸಿಟ್ಟಿದ್ದಾರೆ.

ಪ್ರಶ್ನೆ: ಜಪಾನಿನ ರಾಜಧಾನಿ ಯಾವಾಗ ಟೋಕಿಯೊ ಆಯಿತು? ಕ್ಯೋಟೊ ಮೇಲೆ ಅಣುಬಾಂಬ್ ಬೀಳುವುದಿತ್ತೇ?
– ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ದಾವಣಗೆರೆ

ಉತ್ತರ: 710ರಿಂದ ನಾರಾ, 794ರಿಂದ ಕ್ಯೋಟೊ ರಾಜಧಾನಿಯಾಗಿದ್ದವು. 1603ರಲ್ಲಿ ತೊಕುಗಾವಾ ಇಯೆಯಾಸು ಶೋಗುನ್ ಆದ ಮೇಲೆ ಅಧಿಕಾರವೆಲ್ಲ ಎದೊ ಪಟ್ಟಣಕ್ಕೆ ಹೋಯಿತು. ಚಕ್ರವರ್ತಿ ಮಾತ್ರ ಕ್ಯೋಟೊದಲ್ಲೇ ಉಳಿದರು. 1868ರಲ್ಲಿ ಎದೊಗೆ ಟೋಕಿಯೊ ಎಂದು ಹೆಸರಿಟ್ಟರು, ಮರುವರ್ಷ ಚಕ್ರವರ್ತಿಯೂ ಅಲ್ಲಿಗೆ ಬಂದು ನೆಲೆಸಿದರು. ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿ ಕ್ಯೋಟೊ ಇತ್ತು. ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಹಟ ಹಿಡಿದು ಅದನ್ನು ತೆಗೆಸಿದರು. 1945ರ ಆಗಸ್ಟ್ 9ರಂದು ಮೊದಲ ಗುರಿಯಾಗಿದ್ದ ಕೊಕುರಾ ನಗರ ಮೋಡ ಹೊಗೆಗಳಿಂದ ಕಾಣಿಸದೆ, ವಿಮಾನ ನಾಗಸಾಕಿಯ ಕಡೆಗೆ ತಿರುಗಿತು.

ಪ್ರಶ್ನೆ: ಬುಲೆಟ್ ರೈಲಿನಲ್ಲಿ ಈವರೆಗೆ ಒಬ್ಬರೂ ಸತ್ತಿಲ್ಲವಂತೆ. ಭೂಕಂಪದ ನಾಡಿನಲ್ಲಿ ಇದು ಹೇಗೆ ಸಾಧ್ಯ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮಾತನ್ನು ಸ್ವಲ್ಪ ತಿದ್ದಬೇಕು. ಟೋಕಿಯೊ ಒಸಾಕಾಗಳ ನಡುವೆ 1964ರ ಅಕ್ಟೋಬರ್ 1ರಂದು ಶಿಂಕಾನ್ಸೆನ್ ಆರಂಭವಾದಾಗಿನಿಂದ ರೈಲು ಹಳಿ ತಪ್ಪಿಯಾಗಲಿ ಡಿಕ್ಕಿ ಹೊಡೆದಾಗಲಿ ಪ್ರಯಾಣಿಕರು ಸತ್ತಿಲ್ಲ. ಬೇರೆ ಕಾರಣಗಳಿಂದ ಸಾವು ಸಂಭವಿಸಿವೆ. 1995ರಲ್ಲಿ ಮಿಶಿಮಾ ನಿಲ್ದಾಣದಲ್ಲಿ ಬಾಗಿಲಿಗೆ ಸಿಲುಕಿ ಒಬ್ಬ ವಿದ್ಯಾರ್ಥಿ ಸತ್ತ. 2004ರ ನಿಗಾತಾ ಭೂಕಂಪದಲ್ಲಿ ಓಡುತ್ತಿದ್ದ ರೈಲೊಂದು ಹಳಿ ತಪ್ಪಿತಾದರೂ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ರಸ್ತೆಗೆ ಅಡ್ಡ ಬರುವ ಗೇಟು ಈ ಮಾರ್ಗದಲ್ಲಿ ಒಂದೂ ಇಲ್ಲದಿರುವುದು, ನಿಧಾನದ ರೈಲುಗಳು ಈ ಹಳಿಯ ಮೇಲೆ ಬರದಿರುವುದು ಮುಖ್ಯ ಕಾರಣಗಳು.

ಭೂಕಂಪದ ವಿಷಯಕ್ಕೆ ಬಂದರೆ, ನೆಲ ನಡುಗುವಾಗ ಮೊದಲು ತಲುಪುವುದು ವೇಗದ, ಹಾನಿ ಕಡಿಮೆ ಮಾಡುವ ಪಿ ಅಲೆ. ಕಟ್ಟಡ ಕೆಡಹುವ ಎಸ್ ಅಲೆ ಅದರ ಹಿಂದೆ ಬರುತ್ತದೆ. ಕಡಲತೀರದಲ್ಲೂ ಹಳಿಯುದ್ದಕ್ಕೂ ಇಟ್ಟ ಸಂವೇದಕಗಳು ಮೊದಲ ಅಲೆಯನ್ನು ಗ್ರಹಿಸಿದ ಕೂಡಲೇ ಆ ಭಾಗದ ವಿದ್ಯುತ್ತನ್ನು ತಾವಾಗಿ ಕಡಿತಗೊಳಿಸುತ್ತವೆ. ವಿದ್ಯುತ್ ಹೋದೊಡನೆ ರೈಲಿನ ತುರ್ತು ಬ್ರೇಕ್ ಬೀಳುತ್ತದೆ. ಭೂಕಂಪದ ಕೇಂದ್ರ ದೂರದಲ್ಲಿದ್ದರೆ ಹೀಗೆ ಹತ್ತಾರು ಸೆಕೆಂಡುಗಳು ಸಿಗುತ್ತವೆ, ಕಾಲ ಕೆಳಗೇ ಇದ್ದರೆ ಸಿಗುವುದಿಲ್ಲ. ನಿಗಾತಾದಲ್ಲಿ ಆದದ್ದು ಎರಡನೆಯದೇ. 2011ರ ಮಾರ್ಚ್ 11ರ ಮಹಾಭೂಕಂಪದ ಕೇಂದ್ರ ಸಮುದ್ರದಲ್ಲಿತ್ತು. ಅಂದು ಈಶಾನ್ಯ ಮಾರ್ಗದಲ್ಲಿ ಪ್ರಯಾಣಿಕರನ್ನು ಹೊತ್ತಿದ್ದ ಯಾವ ಶಿಂಕಾನ್ಸೆನ್ ರೈಲೂ ಹಳಿ ತಪ್ಪಲಿಲ್ಲ.